ಹಲ್ಲಕ್ಕನ ಅರ್ಧ

ನನ್ನ ಎದುರು ಹಲ್ಲುಗಳಲ್ಲಿ ಮೇಲಿನ ಎಡಗಡೆಯದು ನನ್ನದಲ್ಲ, ಪಿಂಗಾಣಿಯದು. ಹಲ್ಲಕ್ಕ ಮಾಡಿಕೊಟ್ಟದ್ದು. ಅವಳಿಗೆ ನಾನು ಟೈಪು ಮಾಡಿಕೊಟ್ಟ ಒಂದು ಕಾಗದಕ್ಕೆ ಪ್ರತಿಯಾಗಿ ಬಂದದ್ದು. ಹಣ ಬೇಡವೆಂದು ನಾನು ಹೇಳಿದ್ದೆ, ಆದರೆ ಬಿಟ್ಟಿ ಕೆಲಸ ಅವಳಿಗೆ ಆಗಿಬರುವುದಿಲ್ಲ. "ಆ ಮುರುಕು ಹಲ್ಲು ನೋಡಿ ನೋಡಿ ನನಗೇ ಸಾಕಾಗಿದೆ ಟೈಪಿನವರೇ. ಡಾಕ್ಟರ ಹತ್ತಿರ ಅಚ್ಚು ತೆಗೆಸಿಕೊಂಡು ಬನ್ನಿ, ಮಿಕ್ಕಿದ್ದು ನನಗೆ ಬಿಡಿ" ಎಂದಳು. ಹೋದೆ, ತೆಗೆಸಿದೆ, ಹಾಕಿಸಿಕೊಂಡೆ. ಈಗ ಅದನ್ನು ಕಿತ್ತು ಬಿಸಾಡಬೇಕೆನ್ನಿಸುವ ದಿನಗಳು ಬರುತ್ತವೆ. ಆದರೆ ಅವಳ ಕೆಲಸ ಗಟ್ಟಿ, ಅಷ್ಟು ಸುಲಭಕ್ಕೆ ಕೈಗೆ ಬರುವಂಥದ್ದಲ್ಲ.

ನಮ್ಮದು ಮೂರು ಅಂತಸ್ತಿನ ಹಳೆಯ ಕಟ್ಟಡ. ಕೆಳಗೆ ಮೆಟ್ಟಿಲಿನ ಪಕ್ಕದಲ್ಲಿ ನನ್ನ ಅಂಗಡಿ. ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಯಂತ್ರ, ಲ್ಯಾಮಿನೇಶನ್ ಮಾಡುವ ಪೆಟ್ಟಿಗೆ, ಮತ್ತು ಮಧ್ಯಾಹ್ನದ ಹೊತ್ತು ಮೂಲೆಯಲ್ಲಿ ಕೂತು ಮಕ್ಕಳ ಪ್ರಾಜೆಕ್ಟುಗಳಿಗೆ ಸ್ಪೈರಲ್ ಹಾಕುವ ನನ್ನ ಹೆಂಡತಿ. ಗಾಜಿನ ಮೇಲೆ "ಅರ್ಜಿ, ಕರಾರು, ಎಲ್ಲ ತರಹದ ಕಾಗದಪತ್ರ ಬರೆದುಕೊಡಲಾಗುವುದು" ಎಂದು ನಾನೇ ಬರೆಸಿದ್ದೇನೆ. ಪೋಸ್ಟ್‌ಮ್ಯಾನಿಗೆ ಮಂಡಿನೋವು. ಮೇಲೆ ಹತ್ತಲಾರದೆ ಇಡೀ ಕಟ್ಟಡದ ಕಾಗದಗಳನ್ನು ನನ್ನ ಮೇಜಿನ ಮೇಲೆ ಹಾಕಿ ಹೋಗುತ್ತಾನೆ. ಆ ಕಾಗದಗಳಿಗೆ ನಾನೇ ಯಜಮಾನ ಅಂತ ನನಗೆ ಅನ್ನಿಸಿದ್ದು ಯಾವಾಗಿನಿಂದಲೋ ಗೊತ್ತಿಲ್ಲ.

ಮೊದಲನೆಯ ಮಹಡಿಯಲ್ಲಿ ಹಲ್ಲಕ್ಕನ ಲ್ಯಾಬು ಇತ್ತು. ನನಗಿಂತ ಹತ್ತು ವರ್ಷ ಚಿಕ್ಕವಳು, ಆದರೂ ಬೀದಿಗೆಲ್ಲ ಅಕ್ಕ. ಊರಿನ ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ಕಳಿಸುತ್ತಿದ್ದರು. ಅವಳು ಅದರಲ್ಲಿ ಗಾರೆ ಹುಯ್ದು, ಬೆಕ್ಕಿನ ಮೀಸೆಯಷ್ಟು ಸಣ್ಣ ಕುಂಚದಿಂದ ಪಿಂಗಾಣಿಯ ಹಿಟ್ಟನ್ನು ಪದರಪದರವಾಗಿ ಕಟ್ಟಿ, ಒಲೆಯಲ್ಲಿ ಸುಟ್ಟು ಹಲ್ಲು ಮಾಡುತ್ತಿದ್ದಳು. ಯಾರ ಜೊತೆ ಮಾತಾಡಿದರೂ ಕಣ್ಣು ನೋಡುತ್ತಿರಲಿಲ್ಲ, ಹಲ್ಲು ನೋಡುತ್ತಿದ್ದಳು. ಹಲ್ಲಿನ ಬಣ್ಣಗಳಿಗೆ ಅವರಲ್ಲಿ ನಂಬರುಗಳಿವೆ. ನನ್ನದು ಎ ಮೂರೂವರೆ. "ಟೀ ಕಡಿಮೆ ಮಾಡಿ, ನಾಲ್ಕಕ್ಕೆ ಹೋಗ್ತಾ ಇದೀರಿ" ಎಂದು ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ರೇಗಿಸುತ್ತಿದ್ದಳು.

ಒಲೆ ಎಂದರೆ ಅಡುಗೆಯದಲ್ಲ. ಒಂಬೈನೂರು ಡಿಗ್ರಿಗೆ ಕಾಯುವ ಯಂತ್ರ, ಚಿಕ್ಕ ಬೀರುವಿನಷ್ಟು ಇತ್ತು. ಅದಿಲ್ಲದಿದ್ದರೆ ಅವಳ ಕೈಯ ಕಸುಬು ಹಿಟ್ಟಿನ ಗೊಂಬೆ ಮಾಡಿದಂತೆ. ಅದನ್ನು ತರಲು ಅವಳೂ ಗಂಡನೂ ಸೇರಿ ಬ್ಯಾಂಕಿನಲ್ಲಿ ಸಾಲ ಮಾಡಿದ್ದರು. ಅದೇ ಸಾಲದಲ್ಲಿ ಒಂದು ಹಳೆಯ ವ್ಯಾನೂ ಬಂತು. ಅವಳು ಅಕ್ಕನಾದ ಮೇಲೆ ಗಂಡ ಬೀದಿಗೆಲ್ಲ ಭಾವ. ಭಾವ ಆ ವ್ಯಾನಿನಲ್ಲಿ ಡಾಕ್ಟರುಗಳ ಬಳಿ ಹೋಗಿ ಆರ್ಡರು ತರುತ್ತಿದ್ದ, ತಯಾರಾದ ಹಲ್ಲು ಮುಟ್ಟಿಸುತ್ತಿದ್ದ. ನಗುಮುಖದ ಮನುಷ್ಯ. ಅವನ ಹಲ್ಲು ಬಿ ಒಂದು, ಅವಳ ಡಬ್ಬಿಯಲ್ಲಿದ್ದ ಬಣ್ಣಗಳಲ್ಲೆಲ್ಲ ಬಿಳುಪು. "ಹಲ್ಲು ನೋಡಿಯೇ ಮದುವೆಯಾದೆ, ಒಸಡು ನೋಡಬೇಕಿತ್ತು" ಎಂದು ಆಮೇಲೊಮ್ಮೆ ಅವಳೇ ಹೇಳಿದಳು.

ಅವರು ಬೇರೆಯಾದದ್ದಕ್ಕೆ ಬೀದಿಯ ಹತ್ತಿರ ನಾಲ್ಕು ಕಾರಣಗಳಿದ್ದವು, ನಾಲ್ಕೂ ಸುಳ್ಳು. ಅವಳು ನನ್ನ ಹೆಂಡತಿಗೆ ಹೇಳಿದ್ದು ಇಷ್ಟೇ: "ಅವರು ಯಾವುದಕ್ಕೂ ಇಲ್ಲ ಅನ್ನಲ್ಲ. ಆಯ್ತು ಅಂತಾರೆ. ಆಮೇಲೆ ಯಾವುದನ್ನೂ ಮಾಡಲ್ಲ. ಹನ್ನೊಂದು ವರ್ಷ ಆಯ್ತು ಆಯ್ತು ಅಂತ ಕೇಳಿದೀನಿ, ಇನ್ನು ಸಾಕು." ಜಗಳವಿಲ್ಲ, ಕೂಗಾಟವಿಲ್ಲ. ಮನೆಯ ಸಾಮಾನು ಹಂಚಿಕೊಂಡರು. ಒಲೆ ಅವಳಿಗೆ, ವ್ಯಾನು ಅವನಿಗೆ. ಸಾಲ ಮಾತ್ರ ಉಳಿಯಿತು. ಇಪ್ಪತ್ತನಾಲ್ಕು ಕಂತು ಬಾಕಿ, ತಿಂಗಳಿಗೆ ಹದಿನೆಂಟು ಸಾವಿರ. ಅದನ್ನು ಹಂಚುವುದಕ್ಕೆ ಇಬ್ಬರೂ ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದರು.

ಕುರ್ಚಿ ಹಾಕಿ ಕೂರಿಸಿದೆ. ಒಂದು ಮದುವೆ ಮುರಿಯಿತು ಎನ್ನುವ ಬೇಸರ ನನಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ದೊಡ್ಡ ಕಾಗದವೊಂದು ಬರೆಯಲು ಸಿಕ್ಕಿತಲ್ಲ ಎನ್ನುವ ಉಮೇದು ಬೇಸರಕ್ಕಿಂತ ಒಂದು ಹಿಡಿ ಜಾಸ್ತಿಯೇ ಇತ್ತು. ದಿನವೂ ಬಾಡಿಗೆ ಕರಾರು, ರಜೆಯ ಅರ್ಜಿ ಬರೆದು ಬರೆದು ಕೈ ಜಡ್ಡುಗಟ್ಟಿತ್ತು.

ಹಲ್ಲಕ್ಕ ಬ್ಯಾಂಕಿನ ಸಾಲಪತ್ರದ ಪ್ರತಿಯನ್ನು ಚೀಲದಿಂದ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಸಾಲಗಾರರು ಸದರಿ ಸಾಲಕ್ಕೆ ಒಟ್ಟಾಗಿಯೂ ಪ್ರತ್ಯೇಕವಾಗಿಯೂ ಹೊಣೆಗಾರರಾಗಿರುತ್ತಾರೆ" ಎಂದಿತ್ತು.

"ಇದರ ಅರ್ಥ ಏನು ಟೈಪಿನವರೇ? ಒಟ್ಟಾಗಿ ಅಂತಾನೂ ಇದೆ, ಪ್ರತ್ಯೇಕ ಅಂತಾನೂ ಇದೆ."

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮೂವತ್ತು ವರ್ಷ ಸದರಿ, ತತ್ಸಂಬಂಧ, ಮೇಲ್ಕಂಡ ಎಂದು ಬಡಿದ ಬೆರಳುಗಳಿವು. ಇಬ್ಬರು ಎದುರಿಗೆ ಕೂತು ಕೇಳುತ್ತಿರುವಾಗ ಬಾಯಿ ಸುಮ್ಮನಿರಲಿಲ್ಲ.

"ಸುಲಭ. ಸಂಸಾರ ಒಟ್ಟಿಗಿದ್ದಾಗ ಸಾಲಾನೂ ಒಟ್ಟು. ಬೇರೆಯಾದ ಮೇಲೆ ಸಾಲಾನೂ ಪ್ರತ್ಯೇಕ. ಅವರವರ ಪಾಲು ಅವರವರಿಗೆ. ನಿಮ್ಮಂಥವರು ಬರ್ತಾರೆ ಅಂತ ಬ್ಯಾಂಕಿನವರೇ ಮೊದಲೇ ಯೋಚನೆ ಮಾಡಿ ಬರೆದಿಟ್ಟಿದಾರೆ."

ಭಾವ ಬಿ ಒಂದು ಹಲ್ಲು ಪೂರ್ತಿ ಕಾಣುವಂತೆ ನಕ್ಕ. "ನೋಡಿದೆಯಾ, ಇವರಿಗೆ ಗೊತ್ತಿಲ್ಲದ್ದು ಯಾವುದಿದೆ" ಎಂದು ಅವಳಿಗೆ ಹೇಳಿದ. ನಾನು ಉಬ್ಬಿಹೋದೆ.

ಮೂಲೆಯಿಂದ ನನ್ನ ಹೆಂಡತಿ, "ಬ್ಯಾಂಕಿಗೆ ಹೋಗಿ ಒಂದು ಮಾತು ಕೇಳಬಾರದಾ?" ಎಂದಳು.

"ಅಕ್ಷರ ಬಲ್ಲವರು ಇಲ್ಲೇ ಕೂತಿರುವಾಗ ಬ್ಯಾಂಕಿಗೆ ಯಾಕೆ ಅಲೀಬೇಕು" ಎಂದೆ. ಅವಳು ಸ್ಪೈರಲಿನ ತುದಿ ಕತ್ತರಿಸಿ ಮುಂದಿನ ಪ್ರಾಜೆಕ್ಟು ಕೈಗೆತ್ತಿಕೊಂಡಳು.

ಕಾಗದ ಚೆನ್ನಾಗಿ ಬಂತು. ಬಾಕಿ ಸಾಲ ಸರಿಯಾಗಿ ಅರ್ಧರ್ಧ, ತಲಾ ತಿಂಗಳಿಗೆ ಒಂಬತ್ತು ಸಾವಿರ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಕೊನೆಯಲ್ಲಿ ಒಂದು ತೂಕದ ವಾಕ್ಯವಿಲ್ಲದೆ ಕಾಗದ ಬೋಳುಬೋಳಾಗಿ ಕಂಡಿತು. ಯಾರೂ ಕೇಳದಿದ್ದರೂ ನಾನೇ ಸೇರಿಸಿದೆ: "ಇನ್ನು ಮುಂದೆ ಹಣದ ವಿಷಯವಾಗಿ ಒಬ್ಬರು ಇನ್ನೊಬ್ಬರನ್ನು ಯಾವ ಕಾಲಕ್ಕೂ ಏನನ್ನೂ ಕೇಳತಕ್ಕದ್ದಲ್ಲ." ಓದಿ ಹೇಳಿದಾಗ ಹಲ್ಲಕ್ಕ ನಿಟ್ಟುಸಿರು ಬಿಟ್ಟಳು. ಅದು ನೆಮ್ಮದಿಯ ಉಸಿರು. ಇಬ್ಬರೂ ಸಹಿ ಹಾಕಿದರು. ಭಾವ ತನ್ನ ಪ್ರತಿಗೆ ಲ್ಯಾಮಿನೇಶನ್ ಮಾಡಿಸಿಕೊಂಡು, ಅದರ ದುಡ್ಡು ಎಣಿಸಿ ಕೊಟ್ಟು ಹೋದ.

ಹೋಗುವ ಮುನ್ನ ಹಲ್ಲಕ್ಕ ನನಗೆ ಒಂದು ಮಾತು ಹೇಳಿದಳು. "ಇನ್ನು ಮೇಲೆ ಆ ಹೆಸರಿಗೆ ಏನು ಪೋಸ್ಟು ಬಂದರೂ ನನಗೆ ತೋರಿಸಬೇಡಿ. ವಾಪಸ್ ಕಳಿಸಿಬಿಡಿ. ನನ್ನ ಕಣ್ಣಿಗೆ ಬೀಳೋದು ಬೇಡ."

"ನೀನು ನಿಶ್ಚಿಂತೆಯಾಗಿರು ಅಕ್ಕ" ಎಂದೆ.

ಅವಳು ನಿಶ್ಚಿಂತೆಯಾಗಿಯೇ ಇದ್ದಳು. ತಿಂಗಳ ಮೊದಲನೆಯ ತಾರೀಕು ಬೆಳಿಗ್ಗೆ ಹತ್ತು ಗಂಟೆಗೆ ಬ್ಯಾಂಕಿನ ಕೌಂಟರಿನಲ್ಲಿ ಒಂಬತ್ತು ಸಾವಿರ ಕಟ್ಟಿ ಬರುತ್ತಿದ್ದಳು. ಚೀಟಿಯಲ್ಲಿ ಸಾಲದ ನಂಬರು ಬರೆದು ದುಡ್ಡು ತಳ್ಳಿದರೆ ಅಲ್ಲಿ ಯಾರೂ ಏನೂ ಕೇಳುವುದಿಲ್ಲ, ಠಸ್ಸೆ ಒತ್ತಿ ಕಳಿಸುತ್ತಾರೆ. ಆ ಚೀಟಿಯ ಜೆರಾಕ್ಸು ನನ್ನಲ್ಲಿ ಮಾಡಿಸಿ ಫೈಲಿಗೆ ಹಾಕುತ್ತಿದ್ದಳು. ಆರ್ಡರುಗಳನ್ನು ಈಗ ತಾನೇ ಬಸ್ಸಿನಲ್ಲಿ ಹೋಗಿ ತರಬೇಕಿತ್ತು. ಹಲ್ಲು ಕಚ್ಚಿಕೊಂಡು ಓಡಾಡಿದಳು. ಕೆಲವು ತಿಂಗಳು ಹೊಸ ಚಪ್ಪಲಿ ತೆಗೆದುಕೊಳ್ಳಲೂ ಕೈ ಹಿಡಿಯುತ್ತಿತ್ತು, ಆದರೆ ಒಂಬತ್ತು ಸಾವಿರ ತಪ್ಪಲಿಲ್ಲ. ನನ್ನ ಹೊಸ ಹಲ್ಲು ಬಂದದ್ದೂ ಆ ದಿನಗಳಲ್ಲೇ. ಪಕ್ಕದ ಹಲ್ಲಿನಲ್ಲಿದ್ದ ಟೀಯ ಕಲೆಯನ್ನೂ ಬಿಡದೆ ಅದಕ್ಕೂ ಹಾಕಿದ್ದಳು.

ಐದನೆಯ ತಿಂಗಳಲ್ಲಿ ಮೊದಲ ಲಕೋಟೆ ಬಂತು. ಕಿಟಕಿಯ ಲಕೋಟೆ, ಮೇಲೆ ಭಾವನ ಹೆಸರು. ಹೇಳಿದಂತೆ ಕೆಂಪು ಶಾಯಿಯಲ್ಲಿ "ಸದರಿ ವ್ಯಕ್ತಿ ಈ ವಿಳಾಸದಲ್ಲಿ ಇರುವುದಿಲ್ಲ" ಎಂದು ಬರೆದು ಪೋಸ್ಟ್‌ಮ್ಯಾನಿಗೆ ಕೊಟ್ಟೆ. ನನ್ನ ಅಕ್ಷರ ದುಂಡಗಿದೆ, ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇದೆ. ಮುಂದಿನ ತಿಂಗಳು ಇನ್ನೊಂದು ಬಂತು. ಅದರ ಮುಂದಿನ ತಿಂಗಳೂ. ನಾನು ಬರೆಯುತ್ತಲೇ ಹೋದೆ.

ವರ್ಷ ಕಳೆದ ಮೇಲೆ ಲಕೋಟೆಗಳು ದಪ್ಪವಾದವು. ಒಂದು ದಿನ ಬಂದದ್ದನ್ನು, ಯಾಕೋ ಏನೋ, ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು ನೋಡಿದೆ. ಒಳಗಿನ ಮಡಿಕೆಯಲ್ಲಿ ಭಾವನ ಹೆಸರಿನ ಕೆಳಗೆ ಇನ್ನೊಂದು ಹೆಸರಿರುವಂತೆ ಕಂಡಿತು. ಎರಡನೆಯದರ ಮೊದಲಕ್ಷರ ಹಲ್ಲಕ್ಕನದು. ಹಳೆಯ ಫಾರಮ್ಮು ಇರಬೇಕು, ಹೆಸರು ತೆಗೆಯಲು ಮರೆತಿರಬೇಕು ಎಂದುಕೊಂಡೆ. ಹೆಂಡತಿ ಅತ್ತ ತಿರುಗಿದ್ದಳು. ಕೆಂಪು ಪೆನ್ನು ತೆಗೆದು ಬರೆದೆ. ಆ ದಿನದ ಅಕ್ಷರ ಅಷ್ಟು ದುಂಡಗೆ ಬರಲಿಲ್ಲ.

ಆಮೇಲೆ ಒಂದು ದಿನ ಹಸಿರು ಶರಟಿನವನೊಬ್ಬ ಬಂದ. ಬೆಳಿಗ್ಗೆ ಹನ್ನೊಂದರ ಹೊತ್ತು, ಗಿರಾಕಿ ಇಲ್ಲದ ಸಮಯ. ಯಾವುದೋ ಗುರುತಿನ ಚೀಟಿಯ ಒಂದು ಜೆರಾಕ್ಸು ಮಾಡಿಸಿದ. ಅದು ಮುಗಿದ ಮೇಲೂ ಹೋಗಲಿಲ್ಲ. ಕಣ್ಣು ಮೆಟ್ಟಿಲ ಕಡೆಗೇ ಇತ್ತು.

"ಮೇಲೆ ಲ್ಯಾಬು ಎಷ್ಟು ಗಂಟೆಗೆ ತೆಗೀತಾರೆ?"

"ಒಂಬತ್ತೂವರೆಗೆ. ಹಲ್ಲು ಕಟ್ಟಿಸಬೇಕಿತ್ತಾ?"

"ಆ ಸುಡೋ ಯಂತ್ರ ಇನ್ನೂ ಇಲ್ಲೇ ಇದೆಯಾ?"

"ಇಲ್ಲದೆ ಏನು? ಇಡೀ ಊರಲ್ಲಿ ಅಂಥದ್ದು ಇನ್ನೊಂದಿಲ್ಲ" ಎಂದು ನನ್ನದೇ ಆಸ್ತಿಯೆಂಬಂತೆ ಹೇಳಿದೆ.

ಅವನು ಮೆಟ್ಟಿಲಿನ ತಿರುವಿನವರೆಗೆ ಹೋಗಿ ಗೋಡೆಗೂ ಕಂಬಿಗೂ ನಡುವಿನ ಜಾಗವನ್ನು ಗೇಣಿನಿಂದ ಅಳೆದ. "ಇಲ್ಲಿ ಹೇಗೆ ತಿರುಗಿಸಿದರು? ಇಕ್ಕಟ್ಟಲ್ವಾ?"

"ಕಂಬಿ ಬಿಚ್ಚಿದ್ವಿ. ನಾಲ್ಕು ಬೋಲ್ಟು ಅಷ್ಟೇ. ನಾನೇ ನಿಂತು ಮಾಡಿಸಿದ್ದು."

ಅವನು ಬಗ್ಗಿ ಬೋಲ್ಟುಗಳನ್ನು ನೋಡಿದ. ಬೆರಳಿಟ್ಟು ಅಳತೆ ನೋಡಿದ. ಹೊರಗೆ ಹೋಗಿ ಲ್ಯಾಬಿನ ಬೋರ್ಡಿನ ಒಂದು ಫೋಟೋ ತೆಗೆದುಕೊಂಡ. ಜೆರಾಕ್ಸಿಗೆ ಚಿಲ್ಲರೆ ಸರಿಯಾಗಿ ಕೊಟ್ಟು ಥ್ಯಾಂಕ್ಸ್ ಹೇಳಿ ಹೋದ. ಅವನು ಹೋದ ಮೇಲೆ ನೋಡಿದರೆ ಆ ಜೆರಾಕ್ಸನ್ನು ನನ್ನ ಮೇಜಿನ ಮೇಲೇ ಬಿಟ್ಟುಹೋಗಿದ್ದ. ಅವನಿಗೆ ಅದು ಬೇಕಿರಲಿಲ್ಲ. ಅಂದು ಮಧ್ಯಾಹ್ನವೆಲ್ಲ ಕೈಗೆ ಕೆಲಸ ಹತ್ತಲಿಲ್ಲ. ಹಲ್ಲಕ್ಕನಿಗೆ ಹೇಳೋಣವೆಂದು ಎರಡು ಸಲ ಮೆಟ್ಟಿಲ ತನಕ ಹೋದೆ. ಹೇಳಿದರೆ ಲಕೋಟೆಗಳ ವಿಷಯವೂ ಹೇಳಬೇಕಾಗುತ್ತದೆ ಎನ್ನಿಸಿ ವಾಪಸ್ ಬಂದು ಕೂತೆ.

ಇಪ್ಪತ್ತನಾಲ್ಕನೆಯ ಕಂತಿನ ದಿನ ಅವಳು ಹೊಸ ಚಪ್ಪಲಿ ಹಾಕಿಕೊಂಡು ಕೆಳಗಿಳಿದಳು. "ನಡೀರಿ ಟೈಪಿನವರೇ. ಬಾಕಿ ಏನೂ ಇಲ್ಲ ಅಂತ ಒಂದು ಪತ್ರ ಇಸಕೊಂಡು ಬರೋಣ. ಭಾಷೆ ಸರಿಯಾಗಿದೆಯಾ ಅಂತ ನೀವೇ ನೋಡಿ ಹೇಳಬೇಕು" ಎಂದಳು. ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಹೊರಟೆ. ದಾರಿಯುದ್ದಕ್ಕೂ ಅವಳು ಮಾತಾಡಿದಳು. ಲ್ಯಾಬಿಗೆ ಸುಣ್ಣ ಹೊಡೆಸಬೇಕು, ಇನ್ನೊಬ್ಬ ಕೆಲಸದವಳನ್ನು ಇಟ್ಟುಕೊಳ್ಳಬೇಕು. ನನಗೆ ಒಂದೂ ತಲೆಗೆ ಹೋಗಲಿಲ್ಲ.

ಸಾಲದ ವಿಭಾಗದಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಅಧಿಕಾರಿ ಇದ್ದಳು. ಹಲ್ಲಕ್ಕ ನನ್ನ ಕಿವಿಯಲ್ಲಿ "ಎ ಎರಡು, ಒಳ್ಳೆ ಹಲ್ಲು" ಎಂದಳು. ಅಧಿಕಾರಿ ನಂಬರು ಒತ್ತಿ ಪರದೆ ನೋಡಿದಳು, ಮತ್ತೊಮ್ಮೆ ನೋಡಿದಳು. ಆಮೇಲೆ ಎದ್ದುಹೋಗಿ ಒಂದು ಫೈಲು ತಂದಳು.

"ಮೇಡಂ, ಇದರಲ್ಲಿ ಇನ್ನೂ ಎರಡು ಲಕ್ಷದ ಅರವತ್ತೊಂದು ಸಾವಿರ ಬಾಕಿ ಇದೆ."

"ಅದು ಅವರ ಅರ್ಧ ಇರಬೇಕು. ನನ್ನ ಅರ್ಧ ಇವತ್ತಿಗೆ ಮುಗೀತು. ನೋಡಿ, ಚೀಟಿ ಎಲ್ಲಾ ಇದೆ." ಹಲ್ಲಕ್ಕ ಫೈಲು ಬಿಚ್ಚಿ ಇಪ್ಪತ್ತನಾಲ್ಕು ಜೆರಾಕ್ಸುಗಳನ್ನು ಮುಂದಿಟ್ಟಳು. ಅದರ ಮೇಲೆ ನನ್ನ ಕಾಗದವನ್ನೂ ಇಟ್ಟಳು.

ಅಧಿಕಾರಿ ನನ್ನ ಕಾಗದವನ್ನು ಪೂರ್ತಿ ಓದಿದಳು. ಮುಖದಲ್ಲಿ ತಾತ್ಸಾರವಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

"ಇದು ನಿಮ್ಮಿಬ್ಬರ ನಡುವಿನ ಕಾಗದ. ಇದರಲ್ಲಿ ನಮ್ಮ ಸಹಿ ಇಲ್ಲ. ನಮ್ಮ ಲೆಕ್ಕದಲ್ಲಿ ಅರ್ಧ ಅನ್ನೋದೇ ಇಲ್ಲ ಮೇಡಂ, ಒಂದೇ ಸಾಲ. ಅವರು ಮೂರು ತಿಂಗಳು ಕಟ್ಟಿ ನಿಲ್ಲಿಸಿದಾರೆ. ಮಿಕ್ಕಿದ್ದಕ್ಕೆ ಬಡ್ಡಿ, ದಂಡ ಎಲ್ಲಾ ಸೇರಿದೆ."

"ಆದರೆ ಪ್ರತ್ಯೇಕವಾಗಿಯೂ ಅಂತ ಇದೆಯಲ್ಲ" ಎಂದಳು ಹಲ್ಲಕ್ಕ. ಆ ಸಾಲು ಅವಳಿಗೆ ಬಾಯಿಪಾಠವಾಗಿತ್ತು.

"ಹೌದು. ಪ್ರತ್ಯೇಕವಾಗಿ ಅಂದರೆ ಒಬ್ಬೊಬ್ಬರೂ ಪೂರ್ತಿ ಸಾಲಕ್ಕೆ ಹೊಣೆ. ಅವರು ಕಟ್ಟದಿದ್ದರೆ ನೀವು, ನೀವು ಕಟ್ಟದಿದ್ದರೆ ಅವರು. ನಮಗೆ ಯಾರು ಸಿಕ್ಕರೆ ಅವರು."

ಅಷ್ಟೇ ಅರ್ಥ. ಎರಡೇ ವಾಕ್ಯದಲ್ಲಿ ಹೇಳಿಬಿಟ್ಟಳು.

"ನಮಗೆ ಯಾರೂ ಹೇಳಲಿಲ್ಲ" ಎಂದಳು ಹಲ್ಲಕ್ಕ. ದನಿ ಆಗಲೇ ಸಣ್ಣಗಾಗಿತ್ತು.

"ಹತ್ತೊಂಬತ್ತು ನೋಟಿಸು ಕಳಿಸಿದೀವಿ ಮೇಡಂ. ಮೊದಲ ಹೆಸರು ಅವರದು, ಅದಕ್ಕೆ ಲಕೋಟೆ ಮೇಲೆ ಅವರ ಹೆಸರು. ಫೋನ್ ನಂಬರೂ ಅವರದೇ ಇದೆ. ವಿಳಾಸ ನಿಮ್ಮ ಲ್ಯಾಬಿನದು. ಎಲ್ಲಾ ವಾಪಸ್ ಬಂದಿವೆ." ಫೈಲಿನ ಹಿಂಭಾಗ ತೆರೆದು ತೋರಿಸಿದಳು. ಹತ್ತೊಂಬತ್ತು ಲಕೋಟೆಗಳು, ಒಂದರ ಮೇಲೊಂದು, ಎಲ್ಲದರ ಮೇಲೂ ಕೆಂಪು ಶಾಯಿಯ ದುಂಡು ಅಕ್ಷರ. "ಮೊದಲನೇದಕ್ಕೇ ಬಂದಿದ್ದರೆ ಒಂಬತ್ತು ಸಾವಿರದ ಮಾತಾಗಿತ್ತು. ಅದಕ್ಕಿಂತ ಮೊದಲು, ಬೇರೆಯಾದಾಗಲೇ ಇಬ್ಬರೂ ಬಂದಿದ್ದರೆ ಹಳೇ ಸಾಲ ಮುಗಿಸಿ ಒಬ್ಬೊಬ್ಬರ ಹೆಸರಿಗೆ ಹೊಸ ಸಾಲ ಮಾಡಿಕೊಡ್ತಿದ್ವಿ. ಆಗ ನಿಜವಾಗಲೂ ಬೇರೆ ಆಗ್ತಿತ್ತು. ಈಗ ಆ ದಾರಿ ಇಲ್ಲ."

ಹಲ್ಲಕ್ಕ ಲಕೋಟೆಗಳನ್ನು ಮುಟ್ಟಲಿಲ್ಲ. ಅಕ್ಷರ ಮಾತ್ರ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಹದಿನೈದು ವರ್ಷದಲ್ಲಿ ಮೊದಲ ಸಲ ನನ್ನ ಹಲ್ಲು ನೋಡದೆ ಕಣ್ಣು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

"ಹದಿನೈದು ದಿನ ಟೈಮಿದೆ" ಎಂದಳು ಅಧಿಕಾರಿ. "ಆಮೇಲೆ ಯಂತ್ರ ತಗೊಂಡು ಹೋಗ್ತಾರೆ. ಸಾಲಕ್ಕೆ ಅಡವಿಟ್ಟ ಪಟ್ಟಿಯಲ್ಲಿ ಅದೇ ಮೊದಲಿರೋದು. ವ್ಯಾನು ಎಲ್ಲಿದೆ ಅಂತ ನಮಗೆ ಗೊತ್ತಾಗ್ತಿಲ್ಲ."

ವ್ಯಾನು ಎಲ್ಲಿದೆಯೆಂದು ನಮಗೆ ಗೊತ್ತಾಗಲು ಮೂರು ದಿನ ಹಿಡಿಯಿತು. ಊರಿನ ಇನ್ನೊಂದು ತುದಿಯಲ್ಲಿ ಟೈರು ಅಂಗಡಿಯ ಹಿಂದೆ ಎರಡು ಕೋಣೆಯ ಮನೆ. ಭಾನುವಾರ ಬೆಳಿಗ್ಗೆ ಹೋದೆವು. ವ್ಯಾನು ಮುಂದೆಯೇ ನಿಂತಿತ್ತು, ಚಕ್ರಗಳಿಲ್ಲದೆ, ನಾಲ್ಕು ಕಲ್ಲುಗಳ ಮೇಲೆ. ಒಳಗೆ ರಟ್ಟಿನ ಪೆಟ್ಟಿಗೆಗಳು ತುಂಬಿದ್ದವು. ಭಾವ ನಮ್ಮನ್ನು ನೋಡಿ ಮುಖ ಗಂಟಿಕ್ಕಲಿಲ್ಲ. "ಬನ್ನಿ ಬನ್ನಿ" ಎಂದು ಕುರ್ಚಿ ಒರೆಸಿ ಹಾಕಿದ, ನೀರು ತಂದುಕೊಟ್ಟ. ಸ್ವಲ್ಪ ಬಡವಾಗಿದ್ದ. ಹಲ್ಲು ಮಾತ್ರ ಹಾಗೆಯೇ ಇತ್ತು.

ಹಲ್ಲಕ್ಕ ಎಲ್ಲವನ್ನೂ ಹೇಳಿದಳು. ಎರಡು ಲಕ್ಷದ ಅರವತ್ತೊಂದು ಸಾವಿರ, ಹದಿನೈದು ದಿನ, ಒಲೆ. ಅವನು ತಲೆಯಾಡಿಸುತ್ತಾ ಕೇಳಿದ.

"ಒಲೆ ಹೋದರೆ ನನ್ನ ಕೈ ಕತ್ತರಿಸಿದ ಹಾಗೆ" ಎಂದಳು. "ನಿಮಗೆ ಗೊತ್ತು."

"ಗೊತ್ತು" ಎಂದ. ಎದ್ದುಹೋಗಿ ಒಳಗಿನಿಂದ ಏನೋ ತಂದ. ನನ್ನ ಕಾಗದ. ಎರಡು ವರ್ಷವಾದರೂ ಒಂದು ಗೀರಿರಲಿಲ್ಲ, ಲ್ಯಾಮಿನೇಶನ್ ಒಳಗೆ ಹೊಚ್ಚ ಹೊಸದರಂತೆ ಹೊಳೆಯುತ್ತಿತ್ತು. ಕೊನೆಯ ಸಾಲಿನ ಮೇಲೆ ಬೆರಳಿಟ್ಟ.

"ಯಾವ ಕಾಲಕ್ಕೂ ಏನನ್ನೂ ಕೇಳತಕ್ಕದ್ದಲ್ಲ ಅಂತ ಇದೆ. ನೀವೇ ಬರೆದದ್ದಲ್ವಾ ಟೈಪಿನವರೇ?"

"ಅರ್ಧ ನೀವು ಕಟ್ಟಬೇಕು ಅಂತಾನೂ ಅದರಲ್ಲೇ ಇದೆ ಭಾವ" ಎಂದೆ.

"ಇದೆ. ಕಟ್ಟಬೇಕಿತ್ತು. ವ್ಯಾಪಾರ ಕೈಕೊಡ್ತು, ಕಟ್ಟೋಕಾಗಲಿಲ್ಲ." ಅವನು ಕೆಟ್ಟ ದನಿಯಲ್ಲಿ ಹೇಳಲಿಲ್ಲ, ಬಸ್ಸು ತಪ್ಪಿಹೋಯಿತು ಎಂದಷ್ಟೇ ಬೇಸರದಲ್ಲಿ ಹೇಳಿದ. "ಆದರೆ ಅದನ್ನ ಇವಳು ಕೇಳೋ ಹಾಗಿಲ್ಲ. ಅದೂ ಬರೆದಿದೆ. ಒಬ್ಬ ವಕೀಲರಿಗೆ ತೋರಿಸಿದ್ದೆ. ಕೋರ್ಟಿಗೆ ಹೋದರೂ ಈ ಒಂದು ಸಾಲು ಇಟ್ಟುಕೊಂಡು ವರ್ಷಗಟ್ಟಲೆ ಎಳೀಬಹುದು ಅಂದರು. ಚೆನ್ನಾಗಿ ಬರೆದಿದೀರಿ."

ಅವನು ವ್ಯಂಗ್ಯ ಆಡಲಿಲ್ಲ. ನಿಜವಾಗಿಯೂ ಹೊಗಳಿದ. ನನ್ನ ಬರವಣಿಗೆಯನ್ನು ಅಷ್ಟು ಮನಸಾರೆ ಹೊಗಳಿದವರು ಮೊದಲೂ ಇರಲಿಲ್ಲ, ಮುಂದೆ ಇರುವುದೂ ಬೇಡ.

ಹಲ್ಲಕ್ಕ ಎದ್ದಳು. "ಒಂದು ಕೆಲಸ ಮಾಡಿ. ಬ್ಯಾಂಕಿಗೆ ಬಂದು ಸ್ವಲ್ಪ ಟೈಮ್ ಕೊಡಿ ಅಂತ ನೀವೂ ಕೇಳಿ. ಇಬ್ಬರೂ ಕೇಳಿದರೆ ಕೊಡಬಹುದು."

"ಆಯ್ತು" ಎಂದ ಭಾವ.

ಅವಳು ಆ ಮಾತು ಕೇಳಿ ಕಣ್ಣು ಮುಚ್ಚಿಕೊಂಡಳು. ಹನ್ನೊಂದು ವರ್ಷ ಕೇಳಿದ ಮಾತು. ಅವನು ಬ್ಯಾಂಕಿಗೆ ಬರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ, ಲಕೋಟೆಗಳ ವಿಷಯವನ್ನೂ. ನನ್ನ ಠೇವಣಿ ಒಡೆದರೆ ಎಂಬತ್ತು ಸಾವಿರ ಬರುತ್ತಿತ್ತು. ತಡಮಾಡದೆ ಒಡೆಯಿರಿ ಎಂದಳು ಅವಳು. "ನಿಮಗೆ ಎಲ್ಲಾ ಮಾತೂ ಬರುತ್ತೆ. ಗೊತ್ತಿಲ್ಲ ಅನ್ನೋ ಒಂದು ಮಾತು ಬರಲ್ಲ" ಎಂದೂ ಹೇಳಿದಳು. ಮರುದಿನ ದುಡ್ಡು ತೆಗೆದುಕೊಂಡು ಮಹಡಿ ಹತ್ತಿದೆ. ಹಲ್ಲಕ್ಕ ಕುಂಚ ಕೆಳಗಿಡಲಿಲ್ಲ.

"ಬೇಡಿ ಟೈಪಿನವರೇ. ಈ ಸಾಲಕ್ಕೆ ಇನ್ನೊಬ್ಬರ ಹೆಸರು ಸೇರೋದು ಬೇಡ. ಸೇರಿದ್ದೇ ಸಾಕಾಗಿದೆ." ನಾನು ನಿಂತೇ ಇದ್ದೆ. "ಲಕೋಟೆ ವಾಪಸ್ ಕಳಿಸಿ ಅಂದವಳು ನಾನೇ. ಅದಕ್ಕೆ ನಿಮ್ಮನ್ನ ಏನೂ ಅನ್ನಲ್ಲ." ಇನ್ನೊಂದರ ಬಗ್ಗೆ ಅವಳು ಏನೂ ಹೇಳಲಿಲ್ಲ. ನಾನು ಅರ್ಥ ಹೇಳಿದ ಆ ಪದದ ಬಗ್ಗೆ.

ಹದಿನೈದು ದಿನ ಅವಳು ಓಡಾಡದ ಜಾಗವಿಲ್ಲ. ಡಾಕ್ಟರುಗಳು ಮುಂಗಡ ಕೊಡಲು ಹಿಂದೆಮುಂದೆ ನೋಡಿದರು. ಬೇರೆ ಬ್ಯಾಂಕುಗಳು ಪರದೆ ನೋಡಿ, ನಿಮ್ಮ ಹೆಸರಿನಲ್ಲಿ ಬಾಕಿ ಇದೆಯಲ್ಲ ಎಂದವು. ಎರಡು ವರ್ಷ ಒಂದು ದಿನ ತಪ್ಪದೆ ಕಟ್ಟಿದವಳ ಹೆಸರಿನ ಮುಂದೆ ಕಟ್ಟದವನ ಕಲೆ ಅಂಟಿತ್ತು.

ಹದಿನಾರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಹಸಿರು ಶರಟಿನವನು ಬಂದ. ಈ ಸಲ ಶರಟು ಬಿಳಿ, ಆದರೆ ನನಗೆ ಗುರುತು ಸಿಕ್ಕಿತು. ಜೊತೆಗೆ ನಾಲ್ಕು ಜನ, ಹೊರಗೆ ಒಂದು ಟೆಂಪೋ. ನನಗೆ ನಮಸ್ಕಾರ ಹೇಳಿ ಮೇಲೆ ಹೋದ. ನಾನೂ ಹಿಂದೆಯೇ ಹತ್ತಿದೆ.

ಒಲೆ ಉರಿಯುತ್ತಿತ್ತು. ಒಳಗೆ ಒಬ್ಬ ನಿವೃತ್ತ ಮೇಷ್ಟರ ಮೂರು ಹಲ್ಲುಗಳಿದ್ದವು.

"ಇಪ್ಪತ್ತು ನಿಮಿಷ ಕೊಡಿ" ಎಂದಳು ಹಲ್ಲಕ್ಕ. "ಈಗ ತೆಗೆದರೆ ಸೀಳು ಬಿಡುತ್ತೆ. ತಣ್ಣಗಾಗಬೇಕು."

ಅವನು ಗಡಿಯಾರ ನೋಡಿ ಆಗಲಿ ಎಂದ. ಐದೂ ಜನ ಮೆಟ್ಟಿಲ ಮೇಲೆ ಸಾಲಾಗಿ ಕೂತರು. ಒಬ್ಬ ಫೋನಿನಲ್ಲಿ ಏನೋ ನೋಡಿ ಮೆಲ್ಲಗೆ ನಕ್ಕ. ಹಲ್ಲಕ್ಕ ಒಲೆಯ ಮುಂದೆ ಸ್ಟೂಲು ಹಾಕಿಕೊಂಡು ಅದರ ಚಿಕ್ಕ ಪರದೆಯಲ್ಲಿ ಅಂಕಿ ಇಳಿಯುವುದನ್ನು ನೋಡುತ್ತಿದ್ದಳು. ಎಂಟುನೂರು, ಆರುನೂರು. ನಾನು ಬಾಗಿಲಲ್ಲಿ ನಿಂತಿದ್ದೆ. ಒಲೆಯ ಬಾಗಿಲು ತಾನಾಗಿ ತೆರೆದುಕೊಂಡಾಗ ಅವಳು ಇಕ್ಕಳದಿಂದ ಹಲ್ಲುಗಳನ್ನು ಒಂದೊಂದಾಗಿ ತೆಗೆದು, ಬೆಳಕಿಗೆ ಹಿಡಿದು ನೋಡಿ, ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿದಳು. ಮೇಲೆ ಮೇಷ್ಟರ ಹೆಸರು ಬರೆದಳು. ಆಮೇಲೆ ಗೋಡೆಯ ಸ್ವಿಚ್ಚು ಆರಿಸಿ, ವೈರು ಬಿಚ್ಚಿ ಸುತ್ತಿ, ಒಲೆಯ ಮೇಲಿನ ಧೂಳು ತನ್ನ ಸೆರಗಿನಿಂದ ಒರೆಸಿದಳು.

"ಈಗ ತಗೊಳ್ಳಿ" ಎಂದಳು.

ಮೆಟ್ಟಿಲಿನ ತಿರುವಿನಲ್ಲಿ ಅವರು ತಡವರಿಸಲಿಲ್ಲ. ಸರಿಯಾದ ಅಳತೆಯ ಸ್ಪ್ಯಾನರು ಜೇಬಿನಲ್ಲೇ ಇತ್ತು. ನಾಲ್ಕು ಬೋಲ್ಟು, ಎರಡು ನಿಮಿಷ. ಕಂಬಿ ಬಿಚ್ಚಿ ನನ್ನ ಅಂಗಡಿಯ ಗೋಡೆಗೆ ಒರಗಿಸಿದರು.

ಒಲೆ ಹರಾಜಿನಲ್ಲಿ ತೊಂಬತ್ತು ಸಾವಿರಕ್ಕೆ ಹೋಯಿತು. ಹೊತ್ತೊಯ್ದ ಕೂಲಿ, ಟೆಂಪೋ ಬಾಡಿಗೆ, ಹರಾಜಿನ ಖರ್ಚು ಎಲ್ಲವನ್ನೂ ಬಾಕಿಗೆ ಸೇರಿಸಿದರು. ಉಳಿದದ್ದು ಒಂದು ಲಕ್ಷದ ಎಂಬತ್ತು ಸಾವಿರ. ಮೇಲಿನ ಲ್ಯಾಬಿನಲ್ಲಿ ಈಗ ಟ್ಯೂಶನ್ ನಡೆಯುತ್ತದೆ. ಹಲ್ಲಕ್ಕ ಊರಾಚೆಯ ಒಂದು ದೊಡ್ಡ ಲ್ಯಾಬಿನಲ್ಲಿ ಸಂಬಳಕ್ಕಿದ್ದಾಳೆ. ಹನ್ನೆರಡು ಜನ ಸಾಲಾಗಿ ಕೂರುತ್ತಾರಂತೆ. ಇವಳು ಪದರ ಕಟ್ಟಿ ಪಕ್ಕದವರಿಗೆ ತಳ್ಳಬೇಕು, ಸುಡುವವರು ಬೇರೆ. ಯಾರ ಬಾಯಿಗೆ ಹೋಗುತ್ತದೋ ತಿಳಿಯುವುದಿಲ್ಲ. ಎದುರಿಗೆ ಸಿಕ್ಕವರ ಹಲ್ಲಿನ ನಂಬರು ಹೇಳುವುದನ್ನೂ ಬಿಟ್ಟಿದ್ದಾಳೆ.

ಬ್ಯಾಂಕಿನ ಲಕೋಟೆ ಈಗಲೂ ಇದೇ ವಿಳಾಸಕ್ಕೆ ಬರುತ್ತದೆ. ಈಗ ಅವಳ ಹೆಸರಿಗೆ ಬರುತ್ತದೆ. ನನ್ನ ಕೆಂಪು ಪೆನ್ನನ್ನು ಹೆಂಡತಿ ಎಲ್ಲೋ ಎಸೆದಿದ್ದಾಳೆ. ತಿಂಗಳ ಮೊದಲ ತಾರೀಕು ಕೆಲಸಕ್ಕೆ ಹೋಗುವ ಮುಂಚೆ ಹಲ್ಲಕ್ಕ ಬಂದು ಅದೇ ಕುರ್ಚಿಯಲ್ಲಿ ಕೂರುತ್ತಾಳೆ. ಲಕೋಟೆ ಒಡೆದು ನನ್ನ ಕೈಗೆ ಕೊಡುತ್ತಾಳೆ. ತಾನೇ ಓದಬಹುದು, ಓದಲು ಬರುತ್ತದೆ. ಆದರೂ ನನಗೇ ಕೊಡುತ್ತಾಳೆ.

"ಓದಿ ಟೈಪಿನವರೇ. ಅರ್ಥ ಹೇಳಬೇಡಿ."

ಓದುತ್ತೇನೆ. ಕಳೆದ ತಿಂಗಳಿನದರಲ್ಲಿ ಹೊಸದೊಂದು ಸಾಲಿತ್ತು. ಕಂತು ಒಂದು ದಿನ ತಪ್ಪಿದರೂ ಸಂಬಳದಲ್ಲೇ ಹಿಡಿದುಕೊಳ್ಳಲು ಕೆಲಸದ ಜಾಗಕ್ಕೆ ಬರೆಯಲಾಗುವುದು ಎಂದು. ಅವಳು ಮುಖ ಬದಲಿಸದೆ ಕೇಳಿದಳು. ಕೊನೆಯಲ್ಲಿ ಆ ಹಳೆಯ ವಾಕ್ಯ ಪ್ರತಿಸಲವೂ ಇರುತ್ತದೆ, ಒಟ್ಟಾಗಿಯೂ ಪ್ರತ್ಯೇಕವಾಗಿಯೂ. ಪ್ರತ್ಯೇಕ ಎನ್ನುವ ಆ ಪದವನ್ನು ಒಮ್ಮೆ ಹೇಳಿ ನೋಡಿ, ನಾಲಿಗೆಯ ತುದಿ ಎದುರು ಹಲ್ಲಿಗೆ ತಗಲದೆ ಅದು ಬಾಯಿಂದ ಹೊರಡುವುದಿಲ್ಲ. ನನ್ನ ನಾಲಿಗೆ ತಗಲುವುದು ಅವಳ ಒಲೆಯಲ್ಲಿ ಸುಟ್ಟ ಹಲ್ಲಿಗೆ. ಆ ದಿನ ಅಲ್ಲಿ ತಗಲಿ ನಿಂತುಬಿಟ್ಟೆ.

ಅವಳು ಬಹಳ ದಿನಗಳ ಮೇಲೆ ನನ್ನ ಹಲ್ಲು ನೋಡಿದಳು.

"ಯಾಕೆ, ಅಲ್ಲಾಡ್ತಾ ಇದೆಯಾ?"

"ಇಲ್ಲ ಅಕ್ಕ."

"ಅಲ್ಲಾಡಲ್ಲ. ಅರ್ಧ ಕೆಲಸ ನಾನು ಮಾಡಲ್ಲ" ಎಂದಳು. ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು, ದುಡ್ಡು ಕಟ್ಟಲು ಬ್ಯಾಂಕಿನ ಕಡೆ ನಡೆದಳು.